ನವಿಲುಗತ್ತಿನ ನೀಲಿ, ಕವಡೆಯ ಬಿಳುಪು

“ಅಯ್ಯ ಶಿವನ! ಆ ಕೆಂಪಿನ ಮ್ಯಾಲೆ ಆ ಬಂಗಾರದ ಲೇಸ್ ಹಚ್ಚಿದ್ರ ಮದುವಿ ಬ್ಯಾಂಡಿನವರ ಅಂಗಿ ಆಗತೈತಿ ನೋಡಕ್ಕ.”

ಮಾತು ಕೋಕಿಲಾಳ ಬೆನ್ನ ಹಿಂದಿನಿಂದ ಬಂತು. ಹೈದರಾಬಾದಿನ ಸುಲ್ತಾನ್ ಬಜಾರಿನಲ್ಲಿ, ಅಷ್ಟು ಇಕ್ಕಟ್ಟಾದ ಬಟ್ಟೆ ಅಂಗಡಿಯಲ್ಲಿ, ತನ್ನ ಕನ್ನಡ ಯಾರಿಗೂ ತಿಳಿಯದು ಎಂಬ ಧೈರ್ಯದಲ್ಲಿ ಆಡಿದ ಮಾತು.

ಅವಳು ಕೈಯಲ್ಲಿದ್ದ ಕೆಂಪು ಶಿಫಾನನ್ನು ಹಾಗೇ ಹಿಡಿದುಕೊಂಡು ನಿಧಾನವಾಗಿ ತಿರುಗಿದಳು.

“ಬ್ಯಾಂಡಿನವರೂ ಮನುಷ್ಯರೇ ಅಲ್ವಾ? ಅವರ ಅಂಗಿಗೆ ಏನು ಕಡಿಮೆ?”

ಮಾತಾಡಿದವನ ಮುಖ ಆಗ ನೋಡಬೇಕಿತ್ತು. ಎತ್ತರದ, ತೆಳ್ಳನೆಯ ಯುವಕ. ಶನಿವಾರವೂ ಕೊರಳಿನಿಂದ ತೆಗೆಯಲು ಮರೆತ ಆಫೀಸಿನ ಐಡಿ ಕಾರ್ಡು. ಕಿವಿಯ ತುದಿಯಲ್ಲಿ ಶುರುವಾದ ಕೆಂಪು ಕೆನ್ನೆಗೆ ಇಳಿಯುವಷ್ಟರಲ್ಲಿ ಪಕ್ಕದಲ್ಲಿದ್ದ ಅವನ ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದ್ದಳು.

“ಹಿಂಗ ಆಗಬೇಕು ನಿನಗ. ಊರ ಮಂದಿ ಬಟ್ಟಿ ಉಸಾಬರಿ ನಿನಗ್ಯಾಕಪಾ?”

“ತಪ್ಪಾತ್ರಿ,” ಎಂದ ಅವನು. “ನೀವು ಕನ್ನಡದವರು ಅಂತ ಗೊತ್ತಾಗಲಿಲ್ಲ.”

“ಗೊತ್ತಾಗಿದ್ರೆ?”

ಅವನು ಪ್ರಾಮಾಣಿಕವಾಗಿ ಯೋಚನೆ ಮಾಡಿದ. “ಗೊತ್ತಾಗಿದ್ರ ಸಣ್ಣ ದನಿಯೊಳಗ ಹೇಳ್ತಿದ್ದೆ. ಆದ್ರ ಹೇಳ್ತಿದ್ದೆ.”

ಕೋಕಿಲಾಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು.

ಅವನ ಹೆಸರು ಹುಲಗೇಶ. ಇಳಕಲ್ಲಿನವನು. ಅಪ್ಪನದು ಸೀರೆಯ ನೂಲಿಗೆ ಬಣ್ಣ ಹಾಕುವ ಮನೆ. ಮಗ ಇಂಜಿನಿಯರಿಂಗ್ ಓದಿ ಮಾದಾಪುರದ ಕಂಪನಿಯೊಂದರಲ್ಲಿ ವೆಬ್‌ಸೈಟ್ ಡಿಸೈನರ್ ಆಗಿದ್ದ. “ಅಪ್ಪ ನೂಲಿಗೆ ಬಣ್ಣ ಹಾಕ್ತಾನ, ನಾ ಸ್ಕ್ರೀನಿಗೆ ಹಾಕ್ತೀನಿ. ಸಂಬಳ ನನಗ ಹೆಚ್ಚು, ಬಣ್ಣ ಅವಂದು ಹೆಚ್ಚು,” ಎಂದ. ಅಕ್ಕ ಗುರುದೇವಿ ಮತ್ತು ಅವಳ ಗಂಡನ ಜೊತೆ ಲಿಂಗಂಪಲ್ಲಿಯಲ್ಲಿ ಅವನ ವಾಸ.

“ಯಾತಕ್ಕ ಬೇಕಾಗಿತ್ರಿ ಈ ಬಟ್ಟಿ?”

“ಡ್ಯಾನ್ಸ್‌ಗೆ.”

“ಭರತನಾಟ್ಯ?”

“ಅಲ್ಲ.”

“ಕೋಲಾಟ? ಕಂಪನಿ ಆನ್ಯುಯಲ್ ಡೇ ಏನ್ರಿ?”

ಮೇಲೆ ನಾಲ್ಕಾರು ಫ್ಯಾನುಗಳ ಗಡಗಡ. ಪಕ್ಕದಲ್ಲಿ ಯಾರೋ ಪರದೆ ಬಟ್ಟೆ ಹರಿಯುತ್ತಿದ್ದ ಸದ್ದು. ಎರಡು ಸಲ ಹೇಳಿದರೂ ಅವನಿಗೆ ಕೇಳಿಸಲಿಲ್ಲ. ಮೂರನೇ ಸಲ ಕೋಕಿಲಾ ಗಟ್ಟಿಯಾಗಿ “ಬೆಲ್ಲಿ ಡ್ಯಾನ್ಸ್!” ಎಂದಳು. ಸರಿಯಾಗಿ ಅದೇ ಹೊತ್ತಿಗೆ ಕರೆಂಟು ಹೋಯಿತು.

ಫ್ಯಾನುಗಳು ನಿಂತವು. ಅವಳ ಮಾತು ಇಡೀ ಅಂಗಡಿಯಲ್ಲಿ ಒಂಟಿಯಾಗಿ ನಿಂತುಕೊಂಡಿತು. ಬುರ್ಖಾ ತೊಟ್ಟ ಇಬ್ಬರು ಹೆಂಗಸರು ತಿರುಗಿ ನೋಡಿದರು. ಗಲ್ಲಾದ ಮೇಲಿದ್ದ ಸೇಠ್ ಕನ್ನಡಕ ಸರಿಮಾಡಿಕೊಂಡ. ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ.

ಹುಲಗೇಶ ಮಾತ್ರ ಖುಷಿಯಾಗಿ ಬಟ್ಟೆಯ ಥಾನುಗಳನ್ನು ಎತ್ತಿಕೊಂಡ.

“ಛಲೋ ಆತು ನೋಡ್ರಿ. ಟ್ಯೂಬ್‌ಲೈಟ್ ಬೆಳಕಿನ್ಯಾಗ ಎಲ್ಲಾ ಬಣ್ಣನೂ ಸುಳ್ಳು ಹೇಳತಾವ. ಈಗ ಖರೇ ಕಾಣತಾವ. ಬರ್ರಿ ಬಾಗಿಲ ಹತ್ರ.”

*

ಕೋಕಿಲಾ ಮೈಸೂರಿನ ಹುಡುಗಿ. ಮಾದಾಪುರದಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಊರೆಲ್ಲ ಅಗೆದು ಹೊಸ ಫ್ಲೈಓವರ್ ಕಟ್ಟುತ್ತಿದ್ದ, ಗಾಜಿನ ಕಟ್ಟಡಗಳು ಬಂಡೆಗಳ ನಡುವೆ ತಲೆಯೆತ್ತುತ್ತಿದ್ದ ಆ ವರ್ಷಗಳಲ್ಲಿ ನೂರಾರು ಹುಡುಗಿಯರ ಹಾಗೆ ಅವಳೂ ಬ್ಯಾಗು ಹೊತ್ತು ಬಂದವಳು. ಸಂಜೆ ರೂಮಿನ ಗೋಡೆ ನೋಡಿ ನೋಡಿ ಬೇಸತ್ತು, ಲಿಂಗಂಪಲ್ಲಿಯ ನಳಿನಿ ಟೀಚರ ಕ್ಲಾಸಿಗೆ ಸೇರಿದ್ದಳು. ನಳಿನಿ ವಿಜಯವಾಡದವರು. ಗಂಡನ ಕೆಲಸದ ಜೊತೆ ಕೈರೋದಲ್ಲಿ ಕೆಲವು ವರ್ಷ ಇದ್ದು ಅಲ್ಲಿಯೇ ಈ ಕುಣಿತ ಕಲಿತು ಬಂದಿದ್ದರು.

ಈಗ ಮೊದಲ ಬಾರಿಗೆ ಕ್ಲಾಸಿನ ತಂಡ ಜನರ ಮುಂದೆ ಕುಣಿಯುವುದಿತ್ತು. “ಆಫೀಸಲ್ಲಿ ದಿನಾ ತಪ್ಪು ಹುಡುಕ್ತೀಯಲ್ಲ, ಬಣ್ಣದ ಜವಾಬ್ದಾರಿ ನಿಂದು,” ಎಂದು ನಳಿನಿ ಅವಳ ತಲೆಗೆ ಕಟ್ಟಿದ್ದರು.

ಅಂಗಡಿಯ ಮೆಟ್ಟಿಲ ಮೇಲೆ, ಬೀದಿಯ ಬಿಸಿಲಿಗೆ ಹುಲಗೇಶ ಥಾನುಗಳನ್ನು ಒಂದರ ಪಕ್ಕ ಒಂದು ಬಿಚ್ಚಿದ.

“ಪ್ರೋಗ್ರಾಂ ಎಲ್ಲಿ? ಎಷ್ಟು ಹೊತ್ತಿಗೆ?”

“ಮಾದಾಪುರದ ಬಯಲು ರಂಗಮಂದಿರ. ಸಂಜೆ ಶುರು.”

“ಅಂದ್ರ ಹೊತ್ತು ಮುಳುಗೂ ಟೈಮ್. ಕೇಳ್ರಿ, ಬಿಸಿಲು ಇಳಿಯೂ ಮುಂದ ಕೆಂಪು ಉರೀತೈತಿ. ಕೆಂಪು ಮೊದಲ ಬರಲಿ. ಬಿಸಿಲು ಹೋದ ಮ್ಯಾಲೆ ಅದ ಕೆಂಪು ಕರ್‍ರಗ ಆಗತೈತಿ, ನೀಲಿ ಎಚ್ಚರಾಗತೈತಿ. ಅದಕ್ಕ ನೀಲಿ ಕಡೀಗೆ.”

ದಾಳಿಂಬೆ ಕೆಂಪಿಗೆ ಹೊಳೆಯುವ ಬಂಗಾರ ಬೇಡ, ಮಾಸಿದ ತಾಮ್ರದ ಬಣ್ಣದ ಲೇಸು ಇರಲಿ ಎಂದ. ಗಿಳಿ ಹಸಿರಿನ ಸ್ಕರ್ಟಿಗೆ ಒಳಗಡೆ ಈರುಳ್ಳಿ ಸಿಪ್ಪೆಯ ಗುಲಾಬಿ ಲೈನಿಂಗ್ ಕೊಡಿ ಎಂದ.

“ಒಳಗಡೆ ಕೊಟ್ರೆ ಯಾರಿಗೆ ಕಾಣುತ್ತೆ?” ಎಂದಳು ಕೋಕಿಲಾ.

“ತಿರುಗಿದಾಗ ಕಾಣತೈತಿ.” ಅವನು ಬಟ್ಟೆಯ ಅಂಚು ಹಿಡಿದು ಗಿರ್‍ರನೆ ತಿರುಗಿಸಿದ. ಹಸಿರಿನ ಹೊಟ್ಟೆಯಿಂದ ಗುಲಾಬಿ ಒಂದು ಕ್ಷಣ ಇಣುಕಿ ಅಡಗಿತು. “ಎಲ್ಲಾ ಒಮ್ಮೆಲೇ ಹೇಳಿಬಿಟ್ರ ನೋಡಾವರಿಗೆ ಕಾಯೂದು ಏನು ಉಳೀತ್ರಿ?”

ಅವನು ಅದನ್ನು ಬಟ್ಟೆ ನೋಡಿಕೊಂಡೇ ಹೇಳಿದ. ಆದರೆ ಹೇಳಿ ಮುಗಿಸಿದ ಮೇಲೆ ಕಣ್ಣೆತ್ತಿದ. ಕೋಕಿಲಾ ತನ್ನನ್ನೇ ನೋಡುತ್ತಿರುವುದು ಕಂಡು ಮತ್ತೆ ಗಡಬಡಿಸಿ ಬಟ್ಟೆ ಮಡಚತೊಡಗಿದ.

ಅವಳು ಆಗ ಒಂದು ವಿಷಯ ಗಮನಿಸಿದ್ದಳು. ‘ಬೆಲ್ಲಿ ಡ್ಯಾನ್ಸ್’ ಎಂದ ಕೂಡಲೇ ಗಂಡಸರ ಕಣ್ಣು ಎಲ್ಲಿಗೆ ಇಳಿಯುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆಫೀಸಿನಲ್ಲಿ ಕಂಡಿದ್ದಳು, ಕ್ಯಾಬಿನಲ್ಲಿ ಕಂಡಿದ್ದಳು. ಇವನ ಕಣ್ಣು ಇಳಿಯಲೇ ಇಲ್ಲ. ಅವನ ಪಾಲಿಗೆ ಅದೊಂದು ಕುಣಿತ, ಕುಣಿತಕ್ಕೊಂದು ಬಟ್ಟೆ, ಬಟ್ಟೆಗೊಂದು ಬಣ್ಣ, ಅಷ್ಟೇ. ಆ ಸರಳತೆಗೆ ಅವಳ ಮನಸ್ಸು ಅಲ್ಲೇ, ಆ ಮೆಟ್ಟಿಲ ಮೇಲೇ, ತಲೆಬಾಗಿತು.

“ಎಲ್ಲಾರಿಗೂ ಆತು. ನಿಮಗ?”

“ನಂಗೆ ಯಾವುದಾದ್ರೂ ನಡೆಯುತ್ತೆ. ನಾನು ಹಿಂದಿನ ಸಾಲಲ್ಲಿ ಇರ್ತೀನಿ.”

“ಬಣ್ಣ ಆರಿಸಾಕ ಇಷ್ಟು ದೂರ ಬಂದಾವರು ಹಿಂದಿನ ಸಾಲಿನ್ಯಾಗ ನಿಂದರಬಾರದ್ರಿ,” ಎಂದ ಹುಲಗೇಶ, ಮೆಲ್ಲಗೆ.

*

ಬಟ್ಟೆ ಓಡಾಡುವುದನ್ನು ನೋಡದೆ ಬಣ್ಣ ಗಟ್ಟಿ ಮಾಡುವುದಿಲ್ಲ ಎಂದು ಅವನು ಹಟ ಹಿಡಿದದ್ದರಿಂದ, ಮುಂದಿನ ಭಾನುವಾರ ನಳಿನಿ ಟೀಚರ್ ಅವನನ್ನು ಕ್ಲಾಸಿಗೇ ಕರೆಸಿಕೊಂಡರು.

ಪಾಪ, ಬಾಗಿಲ ಬಳಿ ಕುರ್ಚಿಯ ತುದಿಯಲ್ಲಿ ಕೂತು, ಮಂಗಳಾರತಿಗೆ ಕಾದವನ ಹಾಗೆ ಕೈಜೋಡಿಸಿಕೊಂಡಿದ್ದ. ಕೆಂಪು ಬಟ್ಟೆ ಪಾಲಿಗೆ ಬಂದಿದ್ದ ಅನ್ವಿತಾ ಬೇಕೆಂದೇ ಅವನ ಮುಂದೆ ಸೊಂಟಪಟ್ಟಿಯ ನಾಣ್ಯಗಳನ್ನು ಝಲ್ಲೆನಿಸಿ ಹೋದಳು. ಅವನು ಬೆಚ್ಚಿಬಿದ್ದ. ಹುಡುಗಿಯರೆಲ್ಲ ಗೊಳ್ಳೆಂದರು.

“ಮಾಸ್ಟರ್, ನಮ್ಮನ್ನ ನೋಡಿ ಹೇಳ್ಬೇಕು. ನೆಲ ನೋಡಿ ಅಲ್ಲ,” ಎಂದು ಗಗನ ಕಾಡಿಸಿದಳು. ಹಸಿರು ಅವಳದು.

“ನೆಲದ ಮ್ಯಾಲೆ ನಿಮ್ಮ ನೆರಳು ಬೀಳಾಕತ್ತೈತ್ರಿ. ಅದರಾಗ ಸ್ಕರ್ಟಿನ ಘೇರು, ಸುತ್ತಳತಿ, ಎಷ್ಟು ಬೇಕು ತಿಳೀತೈತಿ,” ಎಂದ ಅವನು. ಅದು ನಿಜವೋ, ನಾಚಿಕೆಯೋ ಯಾರಿಗೂ ಗೊತ್ತಾಗಲಿಲ್ಲ.

ನಳಿನಿಗೆ ಕರಿ ಒಪ್ಪುತ್ತದೆ, ಕೆಂಪು ದಡಿ ಇರಲಿ ಎಂದ. “ನಮ್ಮ ಕಡೆ ಅಂಥಾ ಸೀರಿಗೆ ಚಂದ್ರಕಾಳಿ ಅಂತೀವ್ರಿ. ಅದನ್ನ ಉಟ್ಟ ಹೆಣ್ಣಮಗಳು ಓಣಿಯೊಳಗ ಬಂದ್ರ ಮಂದಿ ದಾರಿ ಬಿಡತಾರ.” ನಳಿನಿ ಟೀಚರ್ ಅಂದೆಲ್ಲ ನೆಟ್ಟಗೆ ನಡೆದರು.

ಕೊನೆಗೆ ಕೋಕಿಲಾಳ ಸರದಿ. ಹಿಂದಿನ ಸಾಲೆಂದು ಅವಳು ಹೇಳಿದ್ದು ಸುಳ್ಳು. ಕೊನೆಯ ಒಂಟಿ ಕುಣಿತ ಅವಳದೇ ಎಂದು ಟೀಚರ್ ಯಾವತ್ತೋ ತೀರ್ಮಾನಿಸಿದ್ದರು. ಒಪ್ಪಿಕೊಳ್ಳದೆ ಮುಂದೂಡುತ್ತಿದ್ದವಳು ಅವಳೇ.

ಡೋಲಿನ ಸದ್ದು ಶುರುವಾಯಿತು. ಅವಳು ತೋಳೆತ್ತಿದಳು. ಮೊದಲು ಹೆಗಲು, ಆಮೇಲೆ ಪಕ್ಕೆ, ಆಮೇಲೆ ನಡು. ಕೆರೆಗೆ ಕಲ್ಲು ಬಿದ್ದಾಗ ಅಲೆ ಸರಿಯುವ ಹಾಗೆ ಲಯ ಒಂದೊಂದೇ ಇಳಿಯಿತು. ಒಂದು ತಿರುವಿನಲ್ಲಿ ಕಣ್ಣು ಬಾಗಿಲತ್ತ ಹೋಯಿತು. ಹುಲಗೇಶ ನೆಲ ನೋಡುತ್ತಿರಲಿಲ್ಲ. ಕೈಗಳು ಬಿಚ್ಚಿಕೊಂಡಿದ್ದವು, ಬಾಯಿ ಸ್ವಲ್ಪ ತೆರೆದಿತ್ತು. ದೂರದಲ್ಲಿ ನೀರು ಕಂಡವನ ಮುಖ ಅದು.

ಅವಳ ಎದೆಯಲ್ಲಿ ಡೋಲಿನದಲ್ಲದ ಇನ್ನೊಂದು ಬಡಿತ ಸೇರಿಕೊಂಡಿತು.

ಕುಣಿತ ಮುಗಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಎದ್ದು ಬಂದು, ತಲೆ ಓರೆ ಮಾಡಿ, ತುಂಬಾ ಉತ್ಸಾಹದಲ್ಲಿ ಹೇಳಿದ:

“ಒಂದ ತಪ್ಪು ಐತ್ರಿ. ಕೊರಳಿಂದ ನಡುವಿನ ತನಕ ಮೈಬಣ್ಣದ್ದು ಒಳ ಅಂಗಿ ಹಾಕೀರಲ್ಲ, ಅದನ್ನ ತೆಗದುಬಿಡ್ರಿ. ಸತ್ತ ಬಣ್ಣ ಅದು. ಅದರ ಪಕ್ಕಕ್ಕ ಯಾವ ಬಣ್ಣ ಇಟ್ರೂ ಬದುಕೂದಿಲ್ಲ.”

ಚಪ್ಪಾಳೆ ನಿಂತಿತು. ಅನ್ವಿತಾ ನಳಿನಿಯ ಮುಖ ನೋಡಿದಳು. ನಳಿನಿ ಕಿಟಕಿಯ ಕಡೆ ತಿರುಗಿದರು.

 ಕೋಕಿಲಾ ದುಪಟ್ಟಾ ಹೊದ್ದುಕೊಂಡಳು, ಚಪ್ಪಲಿ ಮೆಟ್ಟಿದಳು, ಹೊರಟುಹೋದಳು.

*

ಅವನಿಂದ ಎಸ್ಸೆಮ್ಮೆಸ್ಸುಗಳು ಬಂದವು. ‘ಏನು ತಪ್ಪಾತು ಹೇಳ್ರಿ.’ ‘ಸಿಟ್ಟು ಆದ್ರ ಬೈರಿ.’ ‘ಬೈಯಾಕಾದ್ರೂ ಫೋನ್ ಎತ್ತರಿ.’ ಅವಳು ಓದಿದಳು, ಮತ್ತೆ ಓದಿದಳು, ಉತ್ತರ ಕೊಡಲಿಲ್ಲ.

ವಾರದ ನಡುವೆ ಒಂದು ಬೆಳಿಗ್ಗೆ ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿ ಲೋಕಲ್ ಟ್ರೇನು ಹೊರಡುವ ಮುಂಚೆ ಅವನು ಎದುರಿನ ಸೀಟಿಗೆ ಬಂದು ಕೂತ. ಮುಖ ಬಾಡಿತ್ತು.

“ನಳಿನಿ ಟೀಚರಿಗೆ ಕೇಳಿದೆ. ‘ಅವಳ ಮಾತು ಅವಳೇ ಹೇಳ್ಬೇಕು’ ಅಂದ್ರು. ನೀವು ಹೇಳೂದಿಲ್ಲ ಅಂದ್ರ ಕೇಳೂದಿಲ್ಲ. ತಪ್ಪು ನಂದ. ಅಷ್ಟ ಹೇಳಾಕ ಬಂದೆ.”

ಟ್ರೇನು ಹೊರಟಿತು. ಕೋಕಿಲಾ ಕಿಟಕಿಯ ಹೊರಗೆ ನೋಡುತ್ತಲೇ ಇದ್ದಳು. ಆಮೇಲೆ ಕುರ್ತಾದ ತೋಳನ್ನು ಮೊಣಕೈವರೆಗೆ ಸರಿಸಿದಳು. ಕಂದು ಚರ್ಮದ ಮೇಲೆ ಹಾಲು ಚೆಲ್ಲಿದಂತೆ ಒಂದು ಬಿಳಿ ಕಲೆ.

“ಇಲ್ಲಿ ಇಷ್ಟೇ ಇದೆ. ಹೊಟ್ಟೆ, ಸೊಂಟ, ಬೆನ್ನು ತುಂಬಾ ಇದೆ. ಡಾಕ್ಟರು ವಿಟಿಲಿಗೋ ಅಂತಾರೆ. ನಮ್ಮ ಬೀದೀಲಿ ತೊನ್ನು ಅಂತಾರೆ. ನೀವು ಮೈಬಣ್ಣ ಅಂದ್ರಲ್ಲ, ನನ್ನ ಮೈಗೆ ಎರಡು ಬಣ್ಣ ಹುಲಗೇಶ್. ಯಾವುದಕ್ಕೆ ಮ್ಯಾಚ್ ಮಾಡ್ತೀರಿ?”

ಅವನು ಆ ಕಲೆಯನ್ನು ನೋಡಿದ, ಆಮೇಲೆ ಅವಳ ಮುಖವನ್ನು.

“ಅಮ್ಮ ಹದಿನೈದು ವರ್ಷ ದಿನಾ ಲೇಪ ಹಚ್ಚಿದ್ರು. ನೋಡೋಕೆ ಬಂದ ಗಂಡುಗಳು ಕಾಫಿ ಕುಡಿದು ಹೋದ್ರು. ಒಬ್ಬ ತಿಂಡೀನೂ ಚೆನ್ನಾಗಿದೆ ಅಂದ.” ಅವಳು ನಕ್ಕಳು, ನಗು ಅರ್ಧಕ್ಕೇ ನಿಂತಿತು. “ಈ ಡ್ಯಾನ್ಸ್ ಯಾಕೆ ಕಲಿತೆ ಗೊತ್ತಾ? ನನ್ನ ಹೊಟ್ಟೇನ ನಾನೇ ನೋಡ್ತಿರ್ಲಿಲ್ಲ. ಸ್ನಾನ ಮಾಡೋವಾಗ್ಲೂ. ಅದರ ಜೊತೆ ಒಂದ್ಸಲ ಸ್ನೇಹ ಮಾಡ್ಕೊಳ್ಳೋಣ ಅಂತ.”

ಚಂದಾನಗರ ದಾಟಿತು.  ಹುಲಗೇಶ ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ. ಅವನ ಕಣ್ಣಲ್ಲಿ ಏನಿತ್ತೆಂದು ಅವಳು ಓದುವಷ್ಟರಲ್ಲಿ ಹಫೀಜ್‌ಪೇಟೆ ಬಂತು. ಅವನು ತಟಕ್ಕನೆ ಎದ್ದು, ತನ್ನದಲ್ಲದ ಆ ಸ್ಟೇಷನ್ನಿನಲ್ಲಿ ಇಳಿದುಬಿಟ್ಟ. ಹಿಂದೆ ತಿರುಗಿಯೂ ನೋಡಲಿಲ್ಲ.

ಕೋಕಿಲಾ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು. ಕಾಫಿ ಕುಡಿಯದೆ ಹೋದವನು ಇವನೊಬ್ಬನೇ, ಅಂದುಕೊಂಡಳು. ಕಣ್ಣು ಮಾತ್ರ ಆ ಮಾತಿಗೆ ನಗಲಿಲ್ಲ.

*

“ಏನವ್ವ ಕೋಕಿಲಾ, ನನ್ನ ಅಡಗಿಮನಿ ಬಂದು ನೋಡಬಾ ಒಮ್ಮೆ!” ಗುರುದೇವಿ ಶನಿವಾರ ಫೋನ್ ಮಾಡಿ ಗದ್ದಲ ಎಬ್ಬಿಸಿದಳು. “ನಿನ್ನ ಸಲುವಾಗಿ ಇಂವ ಏನು ಅವತಾರ ಮಾಡ್ಯಾನ ನೋಡು. ಅನ್ನದ ಬೋಗುಣಿಯೊಳಗೂ ನೀಲಿ, ಸಾರಿನ ಸೌಟಿಗೂ ನೀಲಿ!”

ಹೋಗಬಾರದು ಎಂದುಕೊಂಡೇ ಕೋಕಿಲಾ ಹೋದಳು.

ಬಾಲ್ಕನಿಯ ತಂತಿಯ ಮೇಲೆ ಶಿಫಾನಿನ ತುಂಡುಗಳು ಸಾಲಾಗಿ ಒಣಗುತ್ತಿದ್ದವು. ಬೆಳಗಿನ ಆಕಾಶದಷ್ಟು ತೆಳು ನೀಲಿಯಿಂದ ಹಿಡಿದು ಬಾವಿಯ ತಳದಷ್ಟು ಗಾಢದವರೆಗೆ. ಹುಲಗೇಶ ಬನಿಯನ್ನಿನಲ್ಲಿ ನಿಂತಿದ್ದ. ಮೊಣಕೈವರೆಗೆ ನೀಲಿ. ಕೆನ್ನೆಯ ಮೇಲೂ ಒಂದು ಪಟ್ಟೆ.

ಅವಳನ್ನು ಕಂಡವನೇ ಒಳಗೆ ಓಡಿಹೋಗಿ ಅಂಗಿ ತೊಟ್ಟು ಬಂದ. ಗುಂಡಿಗಳು ತಪ್ಪಿದ್ದವು.

“ಕೂಡ್ರಿ. ಮೊದಲ ಇದನ್ನ ನೋಡ್ರಿ, ಆಮ್ಯಾಲೆ ಬೈರಿ.”

ಮಂಚದ ಮೇಲೆ ಬಟ್ಟೆ ಹರಡಿದ. ಸ್ಕರ್ಟು ನವಿಲಿನ ಕತ್ತಿನ ನೀಲಿ. ಹೀಗೆ ಹಿಡಿದರೆ ನೀಲಿ, ಹಾಗೆ ಹಿಡಿದರೆ ಹಸಿರಿನ ಮಿಂಚು. ಅದಕ್ಕೆ ಮೇಲಂಗಿಗಳು ಎರಡು. ಒಂದಕ್ಕೆ ಎದೆಯಿಂದ ಸೊಂಟದವರೆಗೆ ಕಡುನೀಲಿ ಜಾಳಿಗೆ ಬಟ್ಟೆ, ಅದರ ತುಂಬ ಬೆಳ್ಳಿ ಚಮಕಿ. “ಇದು ಮುಚ್ಚೂದು. ಆದ್ರ ಮುಚ್ಚೂ ಬಟ್ಟಿನೂ ಜೀವಂತ ಇರಬೇಕು. ಮೈಬಣ್ಣ ಅಂತ ಸುಳ್ಳು ಹೇಳಬಾರದು. ‘ನಾ ಬಟ್ಟಿ, ನಾ ನೀಲಿ’ ಅಂತ ಎದಿ ಉಬ್ಬಿಸಿ ಹೇಳಬೇಕು.”

ಇನ್ನೊಂದು ಗಿಡ್ಡದು, ನಡು ಬಿಟ್ಟದ್ದು. ಅದರ ಜೊತೆಗೆ ಒಂದು ಸೊಂಟಪಟ್ಟಿ. ನಾಣ್ಯಗಳಿರಲಿಲ್ಲ ಅದರಲ್ಲಿ. ಕಂದು ದಾರದಲ್ಲಿ ಹೆಣೆದ ಬಿಳಿ ಬಿಳಿ ಕವಡೆಗಳು. ಒಂದೊಂದು ಕವಡೆಯ ಬೆನ್ನಿನ ಮೇಲೂ ಕಂದು ಬಣ್ಣ ಕರಗಿ ಬಿಳುಪಿಗೆ ಇಳಿದಿತ್ತು.

“ಕವಡಿ ಎಲ್ಲಮ್ಮಂದು, ಕುಣಿಯಾಕ ಕಟ್ಟಿದ್ರ ತಪ್ಪೇನಿಲ್ಲ ಅಂತ ನಾನ ಅಂದೆ,” ಎಂದಳು ಗುರುದೇವಿ ಬಾಗಿಲಿನಿಂದ. “ಆಕಿ ಮುಂದನೂ ಕುಣೀತಾರಲ್ಲ ಮಂದಿ.” ಹೇಳಿ, ಚಹಾ ನೆಪ ಮಾಡಿ ಒಳಗೆ ಹೋದಳು.

ಕೋಕಿಲಾ ಪಟ್ಟಿಯನ್ನು ಕೈಗೆತ್ತಿಕೊಂಡಳು. ಕಂದು, ಬಿಳುಪು. ಬಿಳುಪು, ಕಂದು. ಯಾರೂ ಏನೂ ಹೇಳಬೇಕಾಗಿರಲಿಲ್ಲ. ತನ್ನ ನಡುವನ್ನು ಒಮ್ಮೆಯೂ ನೋಡದವನು ಅದನ್ನು ಇಷ್ಟು ಗೌರವದಿಂದ ಹೇಗೆ ಕಂಡುಕೊಂಡ? 

“ಇವೆರಡರಲ್ಲಿ ಯಾವುದು ಹಾಕ್ಕೊಳ್ಳಲಿ?”

“ನಾ ಹೇಳೂದಿಲ್ಲ.”

“ಅಷ್ಟೊಂದು ಮಾತಾಡ್ತೀರಿ, ಇದೊಂದು ಹೇಳಲ್ವಾ?”

“ಬಣ್ಣದ ಮಾತಾಗಿದ್ರ ಜಗಳ ಮಾಡಿ ಹೇಳ್ತಿದ್ದೆ. ಇದು ಬಣ್ಣದ ಮಾತಲ್ಲ. ನಿಮ್ಮದು.” ಅವನು ನೀಲಿ ಬೆರಳುಗಳನ್ನು ನೋಡಿಕೊಂಡ. “ಅವತ್ತು ಎಲ್ಲಾರ ಮುಂದ ‘ತೆಗೀರಿ’ ಅಂದಾಂವ ನಾ. ಇನ್ನೊಮ್ಮೆ ಹಂಗ ಅನ್ನಾಕ ನನಗ ಹಕ್ಕಿಲ್ಲ.”

ಅವಳು ಅವನನ್ನೇ ನೋಡಿದಳು. “ಹಫೀಜ್‌ಪೇಟೇಲಿ ಯಾಕೆ ಇಳಿದು ಓಡಿಹೋದ್ರಿ?”

ಅವನ ಕಿವಿ ಕೆಂಪಾಯಿತು.

“ಅದನ್ನ ಈಗ ಹೇಳೂದಿಲ್ರಿ. ನೀವು ಕುಣಿದ ಮ್ಯಾಲೆ ಹೇಳ್ತೀನಿ.”

*

ಕಾರ್ಯಕ್ರಮಕ್ಕೆ ಮೈಸೂರಿನಿಂದ ಅಮ್ಮ ಬಂದರು. ಅವರಿಗೆ ‘ಫ್ಯೂಷನ್ ಡ್ಯಾನ್ಸ್’ ಅಂತಷ್ಟೇ ಗೊತ್ತಿತ್ತು. ಗ್ರೀನ್‌ರೂಮಿನ ಗೂಟಕ್ಕೆ ನೇತುಹಾಕಿದ್ದ ಗಿಡ್ಡ ಮೇಲಂಗಿ ಕಂಡ ಕೂಡಲೇ ಅವರ ಮುಖ ಬಿಳಿಚಿಕೊಂಡಿತು.

“ಇದನ್ನಾ? ಕೋಕಿ, ಜನ ನೋಡ್ತಾರೆ ಕಣೇ. ಫೋಟೋ ತೆಗೀತಾರೆ. ನಾಳೆ ಯಾರಾದ್ರೂ ಒಬ್ಬರು ಕೇಳ್ಕೊಂಡು ಬರೋರಿದ್ರೂ…” ದನಿ ಅಲ್ಲೇ ಒಡೆಯಿತು. “ಅಲ್ಲೊಂದು ಮುಚ್ಚೋ ಅಂಥದ್ದಿದೆಯಲ್ಲ, ಅದು ಹಾಕ್ಕೋ ನನ್ನಮ್ಮ.”

ಹೊರಗೆ ಅನ್ವಿತಾಳ ಕುಣಿತ ಶುರುವಾಗಿತ್ತು. ಕಿಟಕಿಯ ಸಂದಿನಲ್ಲಿ ಕಾಣುತ್ತಿತ್ತು: ಇಳಿಬಿಸಿಲಿಗೆ ದಾಳಿಂಬೆ ಕೆಂಪು ಕೆಂಡದಂತೆ ಉರಿಯುತ್ತಿತ್ತು. ಅವನು ಹೇಳಿದ ಹಾಗೆಯೇ.

ಕೋಕಿಲಾ ಮುಚ್ಚುವ ಮೇಲಂಗಿಯನ್ನು ಕೈಯಲ್ಲಿ ಹಿಡಿದಳು. ಬಹಳ ಚೆಂದ ಇತ್ತು ಅದು. ಅದನ್ನು ತೊಟ್ಟರೂ ಯಾರೂ ಏನೂ ಅನ್ನುತ್ತಿರಲಿಲ್ಲ. ತಾನೂ ಅಂದುಕೊಳ್ಳಬೇಕಿರಲಿಲ್ಲ. ಒಂದು ಕ್ಷಣ ಅದನ್ನು ತಲೆಯ ಮೇಲಿಂದ ಹಾಕಿಕೊಳ್ಳಲು ಎತ್ತಿಯೂ ಎತ್ತಿದಳು.

ಆಮೇಲೆ ನಿಧಾನವಾಗಿ ಇಳಿಸಿ, ಮಡಚಿ, ಅಮ್ಮನ ಮಡಿಲಲ್ಲಿಟ್ಟಳು. ಅಮ್ಮನ ಕೈ ಹಿಡಿದು ತನ್ನ ಸೊಂಟದ ಮೇಲೆ, ಬಿಳಿ ಕಲೆಯ ಮೇಲೆ, ಇರಿಸಿಕೊಂಡಳು.

“ಅಮ್ಮ, ನನ್ನ ಮೈಯಲ್ಲಿ ನಿನ್ನ ಕೈ ಅತೀ ಹೆಚ್ಚು ಮುಟ್ಟಿರೋ ಜಾಗ ಇದೇ. ದಿನಾ ಸಂಜೆ ಕೂರಿಸ್ಕೊಂಡು ಹಚ್ತಿದ್ದೆ. ಹಾಡು ಹೇಳ್ತಾ ಹಚ್ತಿದ್ದೆ. ಅಷ್ಟು ಪ್ರೀತಿ ಕಂಡ ಜಾಗಕ್ಕೆ ನಾನು ಯಾಕೆ ನಾಚಿಕೊಳ್ಳಲಿ?”

 ಅಮ್ಮ ಕೈಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಮೂಗು ಒರೆಸಿಕೊಂಡು, ಬೆಂಚಿನ ಮೇಲಿದ್ದ ಕವಡೆಯ ಪಟ್ಟಿಯನ್ನು ಎತ್ತಿಕೊಂಡರು.

“ತಿರುಗು. ನೀನು ಕಟ್ಟಿಕೊಂಡ್ರೆ ಗಂಟು ಸಡಿಲ ಆಗುತ್ತೆ. ಚಿಕ್ಕಂದಿನಿಂದ ನೋಡಿದೀನಿ.”

*

ಸೂರ್ಯ ಬಂಡೆಗಳ ಹಿಂದೆ ಇಳಿದಿದ್ದ. ಗಗನಳ ಹಸಿರಿನಿಂದ ಗುಲಾಬಿ ಇಣುಕಿ ಹೋಗಿತ್ತು, ನಳಿನಿಯ ಚಂದ್ರಕಾಳಿಗೆ ಜನ ಸೀಟಿ ಹೊಡೆದಿದ್ದರು. ದೀಪಗಳಿನ್ನೂ ಪೂರ್ತಿ ಹತ್ತಿರಲಿಲ್ಲ. ಹಗಲೂ ಅಲ್ಲದ ಇರುಳೂ ಅಲ್ಲದ ಆ ಬೆಳಕಿಗೆ ಕೋಕಿಲಾ ಕಾಲಿಟ್ಟಳು.

ಮೊದಲ ಸಾಲಿನಲ್ಲಿ ಒಂದು ಪಿಸುಗುಟ್ಟು ಎದ್ದಿತು. ಅವಳಿಗೆ ಕೇಳಿಸಿತು. ಯಾರೋ ಯಾರಿಗೋ ತೋರಿಸಿದ್ದು ಕಂಡಿತು. 

ಡೋಲು ಬಡಿಯಿತು. ಅವಳ ನಡು ಉತ್ತರ ಕೊಟ್ಟಿತು.

ನೀಲಿ ಎಚ್ಚರವಾಯಿತು. ಸ್ಕರ್ಟು ಸುತ್ತಿದಾಗ ಮುಸ್ಸಂಜೆಯೇ ಎದ್ದು ತಿರುಗಿದ ಹಾಗೆ. ಅದರ ಮೇಲೆ ಕವಡೆಗಳು, ಕವಡೆಗಳ ಮೇಲೆ ಅವಳ ಮೈ. ಕಂದು ಎಲ್ಲಿ ಮುಗಿಯಿತು, ಬಿಳುಪು ಎಲ್ಲಿ ಶುರುವಾಯಿತು, ಕವಡೆ ಯಾವುದು, ಕಲೆ ಯಾವುದು ಎಂದು ಯಾರಿಗೂ ಬೇರೆ ಮಾಡಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಬೇರೆ ಮಾಡಬೇಕೆಂದೂ ಯಾರಿಗೂ ಅನ್ನಿಸಲಿಲ್ಲ. ಪಿಸುಮಾತು ತಾನಾಗಿ ಸತ್ತಿತು. ಕವಡೆಗಳ ಸದ್ದೊಂದೇ, ದಡದ ಮೇಲೆ ಅಲೆ ಹಿಂದೆ ಸರಿಯುವಾಗ ಚಿಪ್ಪುಗಳು ಉರುಳುವ ಹಾಗೆ.

ಕೋಕಿಲಾ ಯಾರನ್ನೂ ನೋಡಲಿಲ್ಲ. ಮೊದಲ ಬಾರಿಗೆ, ತನ್ನ ಸಂತೋಷಕ್ಕೆ ತಾನೇ ಕುಣಿದಳು.

ಚಪ್ಪಾಳೆ ಬಿದ್ದಾಗಲೇ ಅವಳಿಗೆ ಎಚ್ಚರ. ಮೆಟ್ಟಿಲುಗಳ ಮೇಲ್ಗಡೆ, ಎಲ್ಲರೂ ಎದ್ದು ನಿಂತ ಮೇಲೂ ಒಬ್ಬ ಕೂತೇ ಇದ್ದ. ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡಿದ್ದ. ಉಗುರುಗಳಲ್ಲಿ ಇನ್ನೂ ನೀಲಿ ಹೋಗಿರಲಿಲ್ಲ.

*

ರಂಗಮಂದಿರದ ಹಿಂದೆ ಬೇವಿನ ಮರದ ಕಟ್ಟೆ. ಅವಳು ದುಪಟ್ಟಾ ಹೊದೆಯದೆ ಹಾಗೆಯೇ ಬಂದು ಅವನ ಮುಂದೆ ನಿಂತಳು. ಉಸಿರು ಇನ್ನೂ ಏರುತ್ತಿತ್ತು.

“ಕುಣಿದಾಯ್ತು. ಈಗ ಹೇಳಿ.”

ಹುಲಗೇಶ ಎದ್ದು ನಿಂತ, ಕೂತ, ಮತ್ತೆ ಎದ್ದ.

“ಅವತ್ತು ನೀವು ತೋಳು ಸರಿಸಿ ತೋರಿಸಿದ್ರಿ. ನಿಮ್ಮ ಹೊಟ್ಟಿ ಜೊತಿ ಸ್ನೇಹ ಮಾಡಾಕ ಕುಣಿಯೂದು ಕಲಿತೆ ಅಂದ್ರಿ. ಆವಾಗ ನನ್ನ ಬಾಯಿ ತುದಿಗೆ ಬಂದಿತ್ರಿ, ‘ನನ್ನ ಮದುವಿ ಆಗ್ರಿ’ ಅಂತ.”

ಕೋಕಿಲಾ ಒಂದು ಹೆಜ್ಜೆ ಹತ್ತಿರ ಬಂದಳು.

“ಆ ಹೊತ್ತಿಗೆ ಅಂದಿದ್ರ ನೀವು ಅದನ್ನ ಕರುಣಿ ಅಂತಿದ್ರಿ. ಆಮ್ಯಾಲೆ ನಾ ಜನ್ಮ ಪೂರ್ತಿ ಹೇಳಿದ್ರೂ ನಂಬ್ತಿರಲಿಲ್ಲ. ಇನ್ನೊಂದು ನಿಮಿಷ ಕೂತಿದ್ರ ಅಂದೇಬಿಡ್ತಿದ್ದೆ. ಅದಕ್ಕ ಇಳಿದೆ.” ಅವನು ಅವಳತ್ತ ನೋಡಿದ. “ಇವತ್ತು ನಿಮಗ ಯಾರ ಕರುಣಿನೂ ಬೇಕಾಗಿಲ್ಲ ಅಂತ ಊರೆಲ್ಲಾ ನೋಡೈತಿ. ಈಗ ಕೇಳಿದ್ರ ನಾ ಬೇಡಾಂವ, ನೀವು ಕೊಡಾವರು. ಇಲ್ಲ ಅಂದ್ರೂ ನಡೀತೈತ್ರಿ. ನಿಮ್ಮ ಮುಂದಿನ ಡ್ರೆಸ್ಸಿನ ಬಣ್ಣಕ್ಕ ಮಾತ್ರ ನನ್ನ ಕರೀರಿ.”

ಬೇವಿನ ಎಲೆಗಳ ನಡುವಿನಿಂದ ದೀಪದ ಬೆಳಕು ಅವಳ ಸೊಂಟದ ಮೇಲೆ, ಅವನ ಅಂಗಿಯ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿದ್ದಿತ್ತು. ಅವಳಿಗೆ ಅಳು ಬರುತ್ತಿತ್ತು. ಕಾಡಿಸಬೇಕೆಂಬ ಆಸೆ ಅದಕ್ಕಿಂತ ಮೊದಲು ಬಂತು.

“ಕಾಫಿ ಕುಡಿದು ಹೋಗೋ ಜಾತಿ ಅಲ್ಲ ತಾನೇ?”

“ನಾ ಕಾಫಿ ಕುಡಿಯೂದ ಇಲ್ರಿ. ಚಹಾ.”

ಅವಳು ಅಳುತ್ತ ನಕ್ಕಳು, ನಗುತ್ತ ಅತ್ತಳು. ಅವನ ನೀಲಿ ಬೆರಳುಗಳನ್ನು ತನ್ನ ಬೆರಳುಗಳಲ್ಲಿ ಹೆಣೆದುಕೊಂಡಳು.

ಅತ್ತ ಮೆಟ್ಟಿಲ ಬಳಿ ಗುರುದೇವಿಯೂ ಅಮ್ಮನೂ ಅದಾಗಲೇ ಪಕ್ಕಪಕ್ಕ ಕೂತಿದ್ದರು. “ನಿಮ್ಮ ಮಗಳು ಭಾಳ ಛಂದ ಕುಣಿದಳ್ರಿ,” ಎನ್ನುತ್ತಿದ್ದಳು ಗುರುದೇವಿ. ಅಮ್ಮ ಕಣ್ಣೊರೆಸಿಕೊಳ್ಳುತ್ತ, “ನಾನೇ ಕಟ್ಟಿದ್ದು ಆ ಪಟ್ಟಿ,” ಎನ್ನುತ್ತಿದ್ದರು. ಆಮೇಲೆ, ದನಿ ತಗ್ಗಿಸಿ, “ನಿಮ್ಮ ತಮ್ಮಂಗೆ ಅಡುಗೆ ಬರುತ್ತಾ?” ಎಂದು ಕೇಳಿದ್ದೂ ಇಲ್ಲಿಗೆ ಕೇಳಿಸಿತು.

“ಬಾ, ಅಮ್ಮನ ಹತ್ರ ಹೋಗೋಣ,” ಎಂದಳು ಕೋಕಿಲಾ. ‘ಬನ್ನಿ’ ಅನ್ನಲಿಲ್ಲ.

ಹುಲಗೇಶ ಅಲ್ಲೇ ನಿಂತುಬಿಟ್ಟ. ಆ ಒಂದು ಮಾತು ಅವನಿಗೆ ಮುಟ್ಟಲು ಸ್ವಲ್ಪ ಹೊತ್ತು ಹಿಡಿಯಿತು. ಮುಟ್ಟಿದಾಗ ಅವನ ಮುಖದಲ್ಲಿ ಎದ್ದ ಬಣ್ಣಕ್ಕೆ ಇಳಕಲ್ಲಿನಲ್ಲೂ ಹೆಸರಿರಲಿಕ್ಕಿಲ್ಲ.

“ಏನಂದ್ರಿ?”

“ಬಾ ಅಂದೆ. ನೀನೂ ಹಾಗೇ ಕರಿ. ಇನ್ನು ‘ರಿ’ ಬೇಡ.”

ಅವನು ಪ್ರಯತ್ನ ಪಟ್ಟ. ಬಾಯಿ ತೆರೆದ. ಅವಳ ಹೆಸರಿನವರೆಗೆ ಬಂದ.

“ಕೋಕಿಲಾ… ನನಗ ಅದೊಂದು ಬಿಡಾಕ ಆಗೂದಿಲ್ರಿ.”